ಹಿಟ್ಟಿನ ಧೂಳು ಕಾಣದ ತೀರ್ಪು

ಬಿಇ ಮುಗಿಸಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದ ಮೊದಲ ಎರಡು ತಿಂಗಳು ನಾನು ಮಲಗಿದ್ದು ಒಂದು ಬೇಕರಿಯ ಅಟ್ಟದಲ್ಲಿ. ದೊಡ್ಡಪ್ಪನ ಮಗ ಅಲ್ಲಿ ಹಿಟ್ಟು ನಾದೋ ಕೆಲಸದಲ್ಲಿದ್ದ. ನನಗಿಂತ ಹನ್ನೆರಡು ವರ್ಷ ದೊಡ್ಡವನು, ಅಣ್ಣಯ್ಯ ಅಂತಲೇ ಕರೆಯೋದು. ಹಾಸನದ ಕಡೆ ಹಳ್ಳಿಗಳ ಹುಡುಗರು ಬೆಂಗಳೂರಿನ ಬೇಕರಿಗಳಿಗೆ ಬರೋದು ಹೊಸ ಸಂಗತಿಯಲ್ಲ, ನಮ್ಮೂರಿಂದಲೇ ಏಳೆಂಟು ಜನ ಇದ್ದರು. ಬೆಳಗಿನ ಜಾವ ಮೂರಕ್ಕೆ ಎದ್ದರೆ ಬ್ರೆಡ್ಡು, ಬನ್ನು. ಹತ್ತಕ್ಕೆ ಪಫ್ಸು. ಮಧ್ಯಾಹ್ನ ಎರಡು ಗಂಟೆ ನಿದ್ದೆ. ಸಂಜೆ ಖಾರಾ ಬನ್ನು, ಕೇಕು, ಕೌಂಟರು. ರಾತ್ರಿ ಹತ್ತೂವರೆಗೆ ಶಟರ್ ಎಳೆದ ಮೇಲೆ ಊಟ. ಅಟ್ಟಕ್ಕೆ ಹತ್ತಿ ಬಂದಾಗ ಅವನ ರೆಪ್ಪೆ ಮೇಲೂ ಮೈದಾ ಇರುತ್ತಿತ್ತು. ಕೆಮ್ಮುತ್ತಲೇ ನಿದ್ದೆ ಹೋಗುತ್ತಿದ್ದ.

ಇದನ್ನೆಲ್ಲ ನಾನು ಮರೆತೇಬಿಟ್ಟಿದ್ದೆ. ನೆನಪಾಗಿದ್ದು 2024ರ ಜುಲೈನಲ್ಲಿ. ಐಟಿಯವರ ಕೆಲಸದ ದಿನವನ್ನು 14 ಗಂಟೆವರೆಗೆ ಹಿಗ್ಗಿಸೋ ಪ್ರಸ್ತಾಪ ಕರ್ನಾಟಕ ಸರ್ಕಾರದ ಮುಂದಿದೆ ಅನ್ನೋ ಸುದ್ದಿ ಬಂತಲ್ಲ, ಆಗ. ಕ್ಯಾಂಟೀನಿನಲ್ಲಿ ಎಲ್ಲರೂ ಕೂಗಾಡುತ್ತಿದ್ದರು. ಒಬ್ಬ ಸಹೋದ್ಯೋಗಿ ಮಾತ್ರ ತಣ್ಣಗೆ ಹೇಳಿದ: "ನಾವೇನು ಮಕ್ಕಳಾ? ಆಫರ್ ಲೆಟರ್ ಓದಿ ಸೈನ್ ಮಾಡಿದ್ದೀವಿ. ಜಾಸ್ತಿ ಕೆಲಸ ಮಾಡಿ ಜಾಸ್ತಿ ದುಡಿಯೋನಿಗೆ ಬೇಡ ಅನ್ನೋಕೆ ಸರ್ಕಾರ ಯಾರು?" ನಿಜ ಹೇಳ್ತೀನಿ, ನಾನು ತಲೆ ಆಡಿಸಿದೆ. ತರ್ಕ ಸರಿಯಾಗೇ ಇದೆ ಅನ್ನಿಸಿತು. ಅವತ್ತು ರಾತ್ರಿ ವಕೀಲ ಗೆಳೆಯನಿಗೆ ಇದನ್ನು ಹೇಳಿದೆ. ಅವನು ನಕ್ಕು, "ಈ ವಾದ ನಿಮ್ಮ ಕ್ಯಾಂಟೀನಿನಲ್ಲಿ ಹುಟ್ಟಿದ್ದಲ್ಲ ಮಾರಾಯ. 1905ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟು ಇದನ್ನು ಕಾನೂನು ಮಾಡಿತ್ತು. ಅದೂ ಬೇಕರಿ ಕೇಸಿನಲ್ಲಿ. ಲಾಕ್ನರ್ ತೀರ್ಪು ಓದು" ಅಂದ.

ಓದಿದೆ. ಒಂದಲ್ಲ, ಅದರ ಹಿಂದೆ ಮುಂದೆ ಇರೋ ನಾಲ್ಕಾರು ತೀರ್ಪುಗಳನ್ನು ಓದಿದೆ. ಕಾನೂನು ಕಲಿತವನಲ್ಲ ನಾನು. ಆದರೆ ಬೇರೆಯವರು ಬರೆದ ಕೋಡ್ ಓದಿ ಎಲ್ಲಿ ಎಡವಿದ್ದಾರೆ ಅಂತ ಹುಡುಕೋದು ನನ್ನ ಹೊಟ್ಟೆಪಾಡು. ಹಾಗೆಯೇ ಓದಿದೆ. ಓದಿದ ಮೇಲೆ ಅನ್ನಿಸಿದ್ದು ಇಷ್ಟು: ಎಲ್ಲರೂ ಹೊಗಳೋ ತೀರ್ಪು ಬೇರೆ, ಹೊಗಳಬೇಕಾದ ತೀರ್ಪು ಬೇರೆ.

ಮೊದಲು ಕತೆ. 1895ರಲ್ಲಿ ನ್ಯೂಯಾರ್ಕ್ ರಾಜ್ಯ ಬೇಕರಿಗಳಿಗೆ ಅಂತಲೇ ಒಂದು ಕಾಯ್ದೆ ತಂದಿತು. ಚರಂಡಿ ಹೇಗಿರಬೇಕು, ಮಾಡು ಎಷ್ಟು ಎತ್ತರ ಇರಬೇಕು ಅನ್ನೋದರ ಜೊತೆಗೆ, ಬೇಕರಿ ಕೆಲಸಗಾರನಿಂದ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದು ಅಂತಲೂ ಇತ್ತು. ನ್ಯೂಯಾರ್ಕ್ ನಗರದಲ್ಲಿ ಎಷ್ಟೋ ಬೇಕರಿಗಳು ಬಾಡಿಗೆ ವಠಾರಗಳ ನೆಲಮಾಳಿಗೆಯಲ್ಲಿದ್ದ ಕಾಲ ಅದು. ಯೂಟಿಕಾ ಎಂಬ ಊರಿನ ಬೇಕರಿ ಮಾಲೀಕ ಜೋಸೆಫ್ ಲಾಕ್ನರ್ ಒಬ್ಬ ಕೆಲಸಗಾರನಿಂದ ವಾರಕ್ಕೆ 60 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಿ ಸಿಕ್ಕಿಬಿದ್ದ. ಎರಡನೇ ಸಲದ ತಪ್ಪಿಗೆ 50 ಡಾಲರ್ ದಂಡ. ದಂಡ ಕಟ್ಟಿ ಸುಮ್ಮನಾಗದೆ ಮೇಲ್ಮನವಿ ಹಾಕುತ್ತಾ ಹೋದ. ರಾಜ್ಯದ ಕೋರ್ಟುಗಳಲ್ಲಿ ಸೋತು ವಾಷಿಂಗ್ಟನ್‌ಗೆ ಬಂದ. ಇಲ್ಲೊಂದು ತಮಾಷೆ ಇದೆ. ಅವನ ಪರ ವಾದಿಸಿದ ಹೆನ್ರಿ ವೈಸ್‌ಮನ್ ಒಂದು ಕಾಲದಲ್ಲಿ ಬೇಕರಿ ಕಾರ್ಮಿಕರ ಸಂಘದ ನಾಯಕ. ಅದೇ ಕಾಯ್ದೆ ತರೋಕೆ ಓಡಾಡಿದವನು. ಆಮೇಲೆ ತಾನೇ ಬೇಕರಿ ಇಟ್ಟ, ಕಾನೂನು ಓದಿದ, ಪಕ್ಷ ಬದಲಾಯಿಸಿದ.

ಆಗಿನ ಸುಪ್ರೀಂ ಕೋರ್ಟು ಅಂದರೆ ಈಗ ಫೋಟೋಗಳಲ್ಲಿ ಕಾಣೋ ಅಮೃತಶಿಲೆಯ ಕಟ್ಟಡವಲ್ಲ. ಅದು ಬಂದಿದ್ದು 1935ರಲ್ಲಿ. ಅಲ್ಲಿಯವರೆಗೆ ಸಂಸತ್ ಭವನದ ಒಳಗೆ, ಸೆನೆಟ್‌ನವರು ಖಾಲಿ ಮಾಡಿದ್ದ ಹಳೇ ಸಭಾಂಗಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಕೂರುತ್ತಿದ್ದರು. ತೀರ್ಪು ಬರೆಯೋದು ಮನೆಯಲ್ಲಿ. ಶನಿವಾರ ಒಂಬತ್ತೂ ಜನ ಬಾಗಿಲು ಹಾಕಿಕೊಂಡು ಚರ್ಚೆ ಮಾಡಿ ಮತ ಹಾಕುತ್ತಿದ್ದರು. ಹೊರಗಿನವರು ಒಬ್ಬರೂ ಒಳಗಿಲ್ಲ.

ಮುಖ್ಯವಾದ ಮಾತು ಇಲ್ಲಿದೆ. ಅಷ್ಟು ಮೇಲಿನ ಕೋರ್ಟು ಸಾಕ್ಷಿಗಳನ್ನು ಕರೆಸಿ ಕೇಳೋದಿಲ್ಲ. ಕೆಳಗಿನ ಕೋರ್ಟಿನಿಂದ ಬಂದ ಕಡತ, ಎರಡೂ ಕಡೆ ವಕೀಲರ ಲಿಖಿತ ವಾದ, ಒಂದಿಷ್ಟು ಮೌಖಿಕ ವಾದ. ಅಷ್ಟೇ ಅದರ ಪ್ರಪಂಚ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಪ್ರೊಡಕ್ಷನ್ ಸರ್ವರ್ ಮುಟ್ಟೋ ಹಾಗಿಲ್ಲ, ಯಾರೋ ಕಳಿಸಿದ ಲಾಗ್ ಓದಿಯೇ ದೋಷ ಹೇಳಬೇಕು. ಲಾಕ್ನರ್ ಕೆಳಗಿನ ಕೋರ್ಟಿನಲ್ಲಿ ಯಾವ ಸಾಕ್ಷ್ಯವನ್ನೂ ಕೊಟ್ಟಿರಲಿಲ್ಲ. ಹಾಗಾಗಿ ವಾಷಿಂಗ್ಟನ್ ತಲುಪಿದ ಕಡತದಲ್ಲಿ ಓವನ್ನಿನ ಶಾಖವೂ ಇಲ್ಲ, ಹಿಟ್ಟಿನ ಧೂಳೂ ಇಲ್ಲ.

1905ರ ಏಪ್ರಿಲ್ 17ರಂದು 5-4 ಬಹುಮತದಿಂದ ಲಾಕ್ನರ್ ಗೆದ್ದ. ಈ ಕೇಸಿನಲ್ಲಿ ಮೂರು ಬರಹಗಳಿವೆ. ಒಂದೊಂದಾಗಿ ನೋಡೋಣ.

ಬಹುಮತದ ತೀರ್ಪು ಬರೆದವರು ರೂಫಸ್ ಪೆಕ್‌ಹ್ಯಾಮ್. ಕಾನೂನಿನ ಸೂಕ್ತ ಕ್ರಮವಿಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಸಿಯಬಾರದು ಅಂತ ಅಮೆರಿಕ ಸಂವಿಧಾನದ 14ನೇ ತಿದ್ದುಪಡಿ ಹೇಳುತ್ತದೆ. 1868ರಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದವರ ರಕ್ಷಣೆಗೆ ಅಂತ ಬಂದ ತಿದ್ದುಪಡಿ ಅದು. ಆ 'ಸ್ವಾತಂತ್ರ್ಯ'ದಲ್ಲಿ ಕರಾರು ಮಾಡಿಕೊಳ್ಳೋ ಸ್ವಾತಂತ್ರ್ಯವೂ ಸೇರಿದೆ ಅನ್ನೋದು ಪೆಕ್‌ಹ್ಯಾಮ್ ವಾದ. ಮಾಲೀಕನಿಗೆ ದುಡಿಸಿಕೊಳ್ಳೋ ಹಕ್ಕು, ಕೆಲಸಗಾರನಿಗೆ ದುಡಿಯೋ ಹಕ್ಕು, ಇಬ್ಬರೂ ಬುದ್ಧಿ ಇರೋ ವಯಸ್ಕರು, ನಡುವೆ ಸರ್ಕಾರ ಯಾಕೆ? ಬೇಕರಿ ಕೆಲಸವನ್ನು ಆರೋಗ್ಯಕ್ಕೆ ಕೆಟ್ಟದ್ದು ಅಂತ ಸಾಮಾನ್ಯ ಜನ ಎಂದೂ ಭಾವಿಸಿಲ್ಲ ಅಂತಲೂ ಬರೆದರು. ಆ 'ಸಾಮಾನ್ಯ ಜನ' ಯಾರು, ಯಾರನ್ನು ಕೇಳಿದ್ದು, ಅದು ತೀರ್ಪಿನಲ್ಲಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇಕರಿಯವನಿಗೆ ಗಂಟೆಯ ಮಿತಿ ಹಾಕಿದರೆ ನಾಳೆ ಬ್ಯಾಂಕಿನ ಗುಮಾಸ್ತನಿಗೂ ಹಾಕಬೇಕಾಗುತ್ತದೆ ಅಂತ ಹೆದರಿಸುತ್ತಾರೆ. ದೊಡ್ಡ ನಗರಗಳ ಎಷ್ಟೋ ಕಟ್ಟಡಗಳಲ್ಲಿ ಬಿಸಿಲು ಬೀಳೋದೇ ಸ್ವಲ್ಪ ಹೊತ್ತು, ಅಲ್ಲಿ ಕೂತವರ ಆರೋಗ್ಯದ ಹೆಸರಲ್ಲಿ ಅವರ ಕೆಲಸಕ್ಕೂ ಮಿತಿ ಹಾಕೋಕಾಗುತ್ತಾ ಅನ್ನೋ ಅರ್ಥದ ಮಾತು ಬರುತ್ತದೆ. ಅವರಿಗೆ ಇದು ನಗೆಪಾಟಲಿನ ಕಲ್ಪನೆ. ಎಸಿ ಕಟ್ಟಡದ ಒಳಗೆ ಕೂತು, ಹೊರಗೆ ಕತ್ತಲಾಗಿದ್ದು ಗೊತ್ತಾಗದೆ ಈ ಸಾಲು ಓದಿದ ನನಗೆ ನಗು ಬರಲಿಲ್ಲ.

ಪೆಕ್‌ಹ್ಯಾಮ್ ಬರಹದಲ್ಲಿ ತರ್ಕದ ತಪ್ಪು ಹುಡುಕಿದರೆ ಸುಲಭಕ್ಕೆ ಸಿಗೋದಿಲ್ಲ. ತಪ್ಪು ಇರೋದು ಇನ್‌ಪುಟ್‌ನಲ್ಲಿ. ಮಾಲೀಕ, ಕೆಲಸಗಾರ ಇಬ್ಬರೂ ಸಮ ಅಂತ ಮೊದಲ ಸಾಲಿನಲ್ಲೇ ಒಪ್ಪಿಕೊಂಡುಬಿಟ್ಟರೆ ಉಳಿದಿದ್ದೆಲ್ಲ ತಾನಾಗೇ ಬರುತ್ತೆ. ನನ್ನ ಸಹೋದ್ಯೋಗಿ ಮಾಡಿದ್ದೂ, ನಾನು ತಲೆ ಆಡಿಸಿದ್ದೂ ಅದಕ್ಕೇ. ನಾನು ಆಫರ್ ಲೆಟರ್‌ಗೆ ಸೈನ್ ಹಾಕಿದ್ದು ಐದೇ ನಿಮಿಷದಲ್ಲಿ. ಅಟ್ಟದಿಂದ ಇಳಿಯಬೇಕಿತ್ತು. ಊರಲ್ಲಿ ಅಪ್ಪ ಮಾಡಿದ್ದ ಸಾಲ ತೀರಬೇಕಿತ್ತು. ಕಂಪನಿಗೆ ನಾನಿಲ್ಲದಿದ್ದರೆ ಇನ್ನೊಬ್ಬ. ಇದೇನಾ ಸಮಾನರ ಕರಾರು?

ಎರಡನೆಯದು ಆಲಿವರ್ ವೆಂಡೆಲ್ ಹೋಮ್ಸ್ ಬರೆದ ಭಿನ್ನಮತ. ಎರಡೇ ಪುಟ. ಕಾನೂನು ಓದಿದವರೆಲ್ಲ ಬಾಯಿಪಾಠ ಹೇಳೋದು ಇದನ್ನೇ. ಬಾಸ್ಟನ್‌ನ ದೊಡ್ಡ ಮನೆತನದವರು, ಅಂತರ್ಯುದ್ಧದಲ್ಲಿ ಮೂರು ಸಲ ಗಾಯಗೊಂಡವರು, ಎತ್ತರದ ಮೇಜಿನ ಮುಂದೆ ನಿಂತುಕೊಂಡೇ ಬರೆಯುತ್ತಿದ್ದವರು. ಈ ಕೇಸು ತೀರ್ಮಾನವಾಗಿರೋದು ದೇಶದ ಎಷ್ಟೋ ಜನ ಒಪ್ಪದ ಒಂದು ಆರ್ಥಿಕ ಸಿದ್ಧಾಂತದ ಮೇಲೆ ಅಂತ ಶುರು ಮಾಡುತ್ತಾರೆ. ಹರ್ಬರ್ಟ್ ಸ್ಪೆನ್ಸರ್‌ನ 'ಸೋಶಿಯಲ್ ಸ್ಟಾಟಿಕ್ಸ್' ಪುಸ್ತಕವನ್ನು 14ನೇ ತಿದ್ದುಪಡಿ ಕಾನೂನು ಮಾಡಿಲ್ಲ ಅಂತ ಚುಚ್ಚುತ್ತಾರೆ. ಸಾಮಾನ್ಯ ತತ್ವಗಳು ನಿರ್ದಿಷ್ಟ ಕೇಸನ್ನು ತೀರ್ಮಾನಿಸೋದಿಲ್ಲ ಅನ್ನುತ್ತಾರೆ. ಓದಿದರೆ ಮೈ ಜುಮ್ಮೆನ್ನುತ್ತದೆ, ಸುಳ್ಳಲ್ಲ.

ಎರಡನೇ ಸಲ ಓದಿದಾಗ ನನಗೆ ಬೇರೆಯೇ ಕಂಡಿತು. ನಿರ್ದಿಷ್ಟ ಕೇಸು ಮುಖ್ಯ ಅನ್ನೋ ಮನುಷ್ಯ ಆ ನಿರ್ದಿಷ್ಟ ಬೇಕರಿಯ ಬಗ್ಗೆ ಏನು ಹೇಳಿದರು? ಆರೋಗ್ಯದ ದೃಷ್ಟಿಯಿಂದ ಈ ಕಾಯ್ದೆ ಸರಿ ಅಂತ ಒಬ್ಬ ವಿವೇಕಿ ಭಾವಿಸಬಹುದು ಅನ್ನೋ ಅರ್ಥದ ಒಂದು ವಾಕ್ಯ. ಅಷ್ಟೇ. ಕೆಲಸಗಾರನ ಎದೆಯೊಳಗೆ ಏನಾಗುತ್ತೆ ಅನ್ನೋ ಕುತೂಹಲ ಅವರಿಗಿರಲಿಲ್ಲ. ಬಹುಮತಕ್ಕೆ ಬೇಕಾದ್ದನ್ನು ಬಹುಮತ ಮಾಡಿಕೊಳ್ಳಲಿ, ಕೋರ್ಟು ಅಡ್ಡ ಬರಬಾರದು ಅನ್ನೋದು ಅವರ ನಿಲುವು. ಇಲ್ಲಿ ಆ ನಿಲುವು ಬೇಕರಿಯವರ ಪರ ಬಿತ್ತು. ಬಿದ್ದಿದ್ದು ಅದೃಷ್ಟ.

ಮೂರನೆಯದನ್ನು ಯಾರೂ ಹಾಡಿ ಹೊಗಳೋದಿಲ್ಲ. ಕೆಂಟಕಿಯ ಜಾನ್ ಮಾರ್ಷಲ್ ಹಾರ್ಲನ್ ಬರೆದದ್ದು, ಇನ್ನಿಬ್ಬರು ನ್ಯಾಯಮೂರ್ತಿಗಳು ಸಹಿ ಹಾಕಿದ್ದು. ಗುಲಾಮರನ್ನಿಟ್ಟುಕೊಂಡಿದ್ದ ಮನೆಯಲ್ಲಿ ಹುಟ್ಟಿ, 1896ರಲ್ಲಿ ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ರೈಲು ಬೋಗಿ ತಪ್ಪು ಅಂತ ಒಬ್ಬರೇ ಭಿನ್ನಮತ ಬರೆದವರು ಇದೇ ಹಾರ್ಲನ್. ಲಾಕ್ನರ್‌ನಲ್ಲಿ ಅವರ ಬರಹ ಉದ್ದ, ನಿಧಾನ. ಹಳೇ ತೀರ್ಪುಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಹೋಗುತ್ತಾರೆ. ಆಕಳಿಕೆ ಬರುತ್ತೆ. ಆಮೇಲೆ ಒಮ್ಮೆಲೇ ಬೇಕರಿಯ ಬಾಗಿಲು ತೆಗೆಯುತ್ತಾರೆ. ಕಾರ್ಮಿಕರ ಕಾಯಿಲೆಗಳ ಬಗ್ಗೆ ವೈದ್ಯರೊಬ್ಬರು ಬರೆದ ಪುಸ್ತಕವನ್ನು ಎದುರಿಗಿಟ್ಟುಕೊಂಡು, ಹಿಟ್ಟಿನ ಧೂಳು ಕುಡಿದು ಶ್ವಾಸಕೋಶ ಉರಿಯೋದು, ಕಣ್ಣು ಕೆಂಪಾಗೋದು, ನಿಂತೂ ನಿಂತೂ ಕಾಲು ಊದೋದು, ರಾತ್ರಿ ನಿದ್ದೆ ಇಲ್ಲದಿರೋದು ಎಲ್ಲವನ್ನೂ ತೀರ್ಪಿನೊಳಗೆ ತರುತ್ತಾರೆ. ಬೇಕರಿಯವರು 50 ದಾಟೋದು ಅಪರೂಪ, ಹೆಚ್ಚಿನವರು 40ಕ್ಕೂ 50ಕ್ಕೂ ನಡುವೆ ಹೋಗಿಬಿಡುತ್ತಾರೆ ಅನ್ನೋ ಮಾತೂ ಅಲ್ಲಿದೆ.

ಆ ಪುಟ ಓದುವಾಗ ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಅಣ್ಣಯ್ಯ ಕೆಲಸ ಬಿಟ್ಟು ಊರಿಗೆ ವಾಪಸ್ ಹೋಗಿದ್ದು 45ನೇ ವಯಸ್ಸಿಗೆ. ಉಬ್ಬಸ. "ಮೈದಾ ಕುಡಿದೂ ಕುಡಿದೂ ಎದೆ ರೊಟ್ಟಿ ಆಗೈತೆ ಕಣ್ಲಾ" ಅಂತ ಅವನೇ ನಗುತ್ತಾನೆ.

ಕಡತದಲ್ಲಿ ಇಲ್ಲದಿದ್ದರೂ ಹೊರಗಿನಿಂದ ಹುಡುಕಿ ತಂದವರು ಹಾರ್ಲನ್. ಅವರ ವಾಕ್ಯಗಳು ಟೀ ಶರ್ಟಿನ ಮೇಲೆ ಅಚ್ಚು ಹಾಕೋ ಥರದವಲ್ಲ. ಆದರೆ ಮೂರು ಬರಹಗಳಲ್ಲಿ ಬೇಕರಿಯ ಒಳಗೆ ನಿಜವಾಗಿ ಹೋಗಿಬಂದಿರೋದು ಅದೊಂದೇ.

ಹಾರ್ಲನ್ ತೆಗೆದ ಬಾಗಿಲಿನಿಂದ ಮುಂದೆ ಲೂಯಿಸ್ ಬ್ರ್ಯಾಂಡೈಸ್ ನುಗ್ಗಿದರು. 1908ರಲ್ಲಿ ಒರೆಗಾನ್ ರಾಜ್ಯದ ಒಂದು ಲಾಂಡ್ರಿ ಕೇಸು, ಹೆಂಗಸರಿಗೆ ದಿನಕ್ಕೆ 10 ಗಂಟೆಯ ಮಿತಿ. ಆಗ ವಕೀಲರಾಗಿದ್ದ ಬ್ರ್ಯಾಂಡೈಸ್ ಕೋರ್ಟಿಗೆ ಕೊಟ್ಟ ಲಿಖಿತ ವಾದದಲ್ಲಿ 113 ಪುಟ. ಅದರಲ್ಲಿ ಕಾನೂನು ಎರಡು ಪುಟದಷ್ಟು. ಉಳಿದಿದ್ದೆಲ್ಲ ಕಾರ್ಖಾನೆ ಇನ್‌ಸ್ಪೆಕ್ಟರುಗಳ ವರದಿ, ವೈದ್ಯರ ಹೇಳಿಕೆ, ಯುರೋಪಿನ ಕಾಯ್ದೆಗಳು. ಲೈಬ್ರರಿಗಳಲ್ಲಿ ಕೂತು ಅದನ್ನೆಲ್ಲ ಹೆಕ್ಕಿ ಕೊಟ್ಟವರು ಅವರ ನಾದಿನಿ ಜೋಸೆಫೀನ್ ಗೋಲ್ಡ್‌ಮಾರ್ಕ್ ಮತ್ತು ಜೊತೆಯ ಹೆಂಗಸರು. ಹೆಸರು ಬಂದಿದ್ದು ಮಾತ್ರ ಬ್ರ್ಯಾಂಡೈಸ್‌ಗೆ. ಆ ಥರದ ದಾಖಲೆಗೆ ಇವತ್ತಿಗೂ 'ಬ್ರ್ಯಾಂಡೈಸ್ ಬ್ರೀಫ್' ಅಂತಲೇ ಹೆಸರು. ಕೋರ್ಟು ಸರ್ವಾನುಮತದಿಂದ ಒಪ್ಪಿತು. ಗೆಲುವಿನ ಒಳಗೊಂದು ಮುಳ್ಳೂ ಇತ್ತು. ಹೆಂಗಸು ದುರ್ಬಲೆ, ತಾಯಾಗಬೇಕಾದವಳು, ಅದಕ್ಕೇ ರಕ್ಷಣೆ ಅನ್ನೋ ಧಾಟಿಯ ತೀರ್ಪದು. ಮಾಹಿತಿ ತಂದರೆ ಸಾಲದು, ಯಾವ ಕಣ್ಣಿಂದ ಆರಿಸಿದ್ದು ಅನ್ನೋದೂ ಇರುತ್ತೆ.

ಮಾಹಿತಿಗೆ ಕೋರ್ಟು ಯಾವಾಗಲೂ ಕಿವಿಗೊಟ್ಟಿತು ಅಂತಲೂ ಅಲ್ಲ. 1923ರಲ್ಲಿ ವಾಷಿಂಗ್ಟನ್‌ನ ಹೆಂಗಸರ ಕನಿಷ್ಠ ಕೂಲಿ ಕಾಯ್ದೆ ಬಂದಾಗ, ಹಾರ್ವರ್ಡ್ ಪ್ರಾಧ್ಯಾಪಕ ಫೆಲಿಕ್ಸ್ ಫ್ರ್ಯಾಂಕ್‌ಫರ್ಟರ್ ಇನ್ನೂ ದಪ್ಪದ ಕಡತ ಕೊಟ್ಟರು. ಕುತೂಹಲಕಾರಿಯಾಗಿದೆ, ಆದರೆ ಅಷ್ಟೇನೂ ಮನವೊಪ್ಪುವಂತಿಲ್ಲ ಅಂತ 5-3ರಲ್ಲಿ ತಳ್ಳಿಹಾಕಿದರು. ಆ ತೀರ್ಪು ಬಿದ್ದಿದ್ದು 1937ರಲ್ಲಿ, ಎಲ್ಸಿ ಪ್ಯಾರಿಶ್ ಎಂಬ ಹೋಟೆಲ್ ಕೋಣೆ ಗುಡಿಸುವ ಹೆಂಗಸಿನ ಕೂಲಿ ಕೇಸಿನಲ್ಲಿ.

ಇನ್ನು ನನ್ನ ತಕರಾರಿನ ಕೇಂದ್ರಕ್ಕೆ ಬರ್ತೀನಿ. ಹೋಮ್ಸ್ ಅವರನ್ನು ಲಾಕ್ನರ್ ಒಂದರಿಂದಲೇ ಅಳೆಯಬಾರದು. 1927ರ ಮೇ 2ರ ಬಕ್ ವರ್ಸಸ್ ಬೆಲ್ ತೀರ್ಪನ್ನೂ ಪಕ್ಕದಲ್ಲಿಟ್ಟು ಓದಬೇಕು.

ಕ್ಯಾರಿ ಬಕ್ ವರ್ಜೀನಿಯಾದ ಬಡ ಹುಡುಗಿ. ಸಾಕುಮನೆಯಲ್ಲಿ ಬೆಳೆದವಳು. ಆ ಮನೆಯವರ ಸಂಬಂಧಿಕನೊಬ್ಬ ಬಲಾತ್ಕಾರ ಮಾಡಿ ಬಸುರಾದಳು. ಮನೆಯವರು ಅವಳನ್ನು ಬುದ್ಧಿಮಾಂದ್ಯೆ ಅಂತ ಹೇಳಿ ಸರ್ಕಾರಿ ಆಶ್ರಮಕ್ಕೆ ಸೇರಿಸಿದರು. ಅವಳ ತಾಯಿ ಮೊದಲೇ ಅಲ್ಲಿದ್ದಳು. ಅಂಥವರಿಗೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಬಹುದು ಅಂತ 1924ರಲ್ಲಿ ವರ್ಜೀನಿಯಾ ಕಾಯ್ದೆ ತಂದಿತ್ತು. ಕಾಯ್ದೆ ಕೋರ್ಟಿನಲ್ಲಿ ನಿಲ್ಲುತ್ತಾ ಅಂತ ಪರೀಕ್ಷೆ ಮಾಡಲು ಕ್ಯಾರಿಯನ್ನು ಆರಿಸಿಕೊಂಡರು. ಅವಳ ಪರ ನಿಂತ ವಕೀಲ ಇದ್ದನಲ್ಲ, ಅವನು ಆ ಆಶ್ರಮದ ಆಡಳಿತ ಮಂಡಳಿಯಲ್ಲೇ ಇದ್ದವನು. ಅವಳ ಪರ ಒಬ್ಬ ಸಾಕ್ಷಿಯನ್ನೂ ಕರೆಸಲಿಲ್ಲ. ಶಾಲೆಯಲ್ಲಿ ಚೆನ್ನಾಗಿ ಓದುತ್ತಿದ್ದಳು ಅನ್ನೋ ಟೀಚರ ದಾಖಲೆಯನ್ನು ಮುಂದಿಡಲಿಲ್ಲ. ಅವಳ ಏಳು ತಿಂಗಳ ಮಗುವನ್ನು ನೋಡಿ, ಏನೋ ಸರಿಯಿಲ್ಲ ಅಂತ ಒಬ್ಬರು ಸಾಕ್ಷಿ ಹೇಳಿದ್ದಕ್ಕೆ ಎದುರಾಡಲಿಲ್ಲ. ಅಂದರೆ ವಾಷಿಂಗ್ಟನ್‌ಗೆ ಹೋದ ಲಾಗ್ ಫೈಲನ್ನೇ ತಿದ್ದಿ ಕಳಿಸಿದ ಹಾಗೆ.

86ರ ಹೋಮ್ಸ್ 8-1 ಬಹುಮತದ ತೀರ್ಪು ಬರೆದರು. ಮತ್ತೆ ಚುಟುಕು, ಕೆಲವೇ ಪ್ಯಾರಾ. ಲಸಿಕೆ ಕಡ್ಡಾಯ ಮಾಡಬಹುದಾದರೆ ಇದನ್ನೂ ಮಾಡಬಹುದು ಅಂತ ವಾದ. ಲಸಿಕೆಯ ಆ ಕೇಸು ಯಾವುದು? 1905ರ ಜೇಕಬ್ಸನ್ ತೀರ್ಪು. ಬರೆದವರು ಹಾರ್ಲನ್! ಸಿಡುಬು ಹರಡುತ್ತಿದ್ದ ಊರಿನಲ್ಲಿ ಲಸಿಕೆ ಹಾಕಿಸಿಕೊಳ್ಳದವನಿಗೆ 5 ಡಾಲರ್ ದಂಡ ಸರಿ ಅಂದಿದ್ದ ತೀರ್ಪನ್ನು, ಒಬ್ಬ ಹುಡುಗಿಯ ಬಸಿರಿನ ನಾಳ ಕತ್ತರಿಸೋಕೆ ಆಧಾರ ಮಾಡಿದರು. ಕೊನೆಗೆ ಮೂರು ತಲೆಮಾರಿನ ದಡ್ಡರು ಸಾಕು ಅನ್ನೋ ಅರ್ಥದ ಒಂದು ಸಾಲು ಬಿಸಾಕಿದರು. ಹೋಮ್ಸ್ ಬರೆದ ಸಾಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನಕ್ಕೆ ಗೊತ್ತಿರೋದರಲ್ಲಿ ಇದೂ ಒಂದು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಆಪರೇಷನ್ ಆಯಿತು. 'ಮೂರನೇ ತಲೆಮಾರಿನ ದಡ್ಡಿ' ಆ ಮಗು ವಿವಿಯನ್ ಮುಂದೆ ಶಾಲೆಗೆ ಸೇರಿ, 1931ರಲ್ಲಿ ಒಳ್ಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡಿತು. ಎಂಟನೇ ವಯಸ್ಸಿಗೆ ಕಾಯಿಲೆ ಬಂದು ತೀರಿಹೋಯಿತು. ಕ್ಯಾರಿಯ ತಂಗಿಗೂ ಆಪರೇಷನ್ ಮಾಡಿದರು. ಅಪೆಂಡಿಕ್ಸ್ ಅಂತ ಸುಳ್ಳು ಹೇಳಿದ್ದರಿಂದ, ತನಗ್ಯಾಕೆ ಮಕ್ಕಳಾಗಲಿಲ್ಲ ಅಂತ ಅವಳಿಗೆ ಮುಪ್ಪಿನವರೆಗೂ ಗೊತ್ತಾಗಲಿಲ್ಲ. ಅಮೆರಿಕದಲ್ಲಿ ಇಂಥ ಕಾಯ್ದೆಗಳ ಅಡಿ ಆಪರೇಷನ್ ಆದವರು 60,000ಕ್ಕೂ ಹೆಚ್ಚು.

ಲಾಕ್ನರ್‌ನ ಹೋಮ್ಸ್ ಬೇರೆ, ಬಕ್ ಕೇಸಿನ ಹೋಮ್ಸ್ ಬೇರೆ ಅಂತ ಸಮಾಧಾನ ಹೇಳೋರಿದ್ದಾರೆ. ನನಗೆ ಒಬ್ಬರೇ ಕಾಣ್ತಾರೆ. ಎರಡೂ ಕಡೆ ಅದೇ ನಿಲುವು: ಶಾಸನಸಭೆ ಮಾಡಿದೆ, ಕೋರ್ಟು ಅಡ್ಡ ಬರಬಾರದು. ಎರಡೂ ಕಡೆ ಅದೇ ಶೈಲಿ: ಚುಟುಕಾಗಿ ಮುಗಿಸು, ಚೆಂದದ ಸಾಲು ಬಿಡು. ಎರಡೂ ಕಡೆ ಅದೇ ಕೊರತೆ: ಎದುರಿಗಿರೋ ಮನುಷ್ಯನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಹೊಟ್ಟೆ ಉರಿಯೋದು ಇನ್ನೊಂದು ಕಾರಣಕ್ಕೆ. ಆಗ ನ್ಯಾಯಮೂರ್ತಿಯಾಗಿದ್ದ ಬ್ರ್ಯಾಂಡೈಸ್ ಕೂಡ ಈ ತೀರ್ಪಿಗೆ ಸಹಿ ಹಾಕಿದರು. ಲಾಂಡ್ರಿ ಹೆಂಗಸರಿಗೆ ನೂರು ಪುಟ ಮಾಹಿತಿ ತಂದವರು ಕ್ಯಾರಿಯ ಶಾಲೆಯ ಒಂದು ಹಾಳೆ ಎಲ್ಲಿ ಅಂತ ಕೇಳಲಿಲ್ಲ. ಒಪ್ಪದ ಒಬ್ಬರೇ ಒಬ್ಬರು, ಪಿಯರ್ಸ್ ಬಟ್ಲರ್, ಯಾಕೆ ಒಪ್ಪಲಿಲ್ಲ ಅಂತ ಒಂದು ಸಾಲೂ ಬರೆಯಲಿಲ್ಲ.

ಇದೆಲ್ಲ ದೂರದ ಅಮೆರಿಕದ ಹಳೇ ಕತೆ ಅಂದುಕೊಂಡರೆ, ಇದರ ಒಂದು ಎಳೆ ಮಂಗಳೂರಿಗೂ ಬರುತ್ತೆ. ನಮ್ಮ ಸಂವಿಧಾನ ರಚನಾ ಸಭೆಯ ಸಲಹೆಗಾರ ಬೆನಗಲ್ ನರಸಿಂಗ ರಾವ್ ಹುಟ್ಟಿದ್ದು ಮಂಗಳೂರಿನಲ್ಲಿ. 1947ರ ಕೊನೆಯಲ್ಲಿ ಅವರು ಅಮೆರಿಕಕ್ಕೆ ಹೋಗಿ, ಅಷ್ಟರಲ್ಲಿ ನ್ಯಾಯಮೂರ್ತಿಯಾಗಿದ್ದ ಅದೇ ಫ್ರ್ಯಾಂಕ್‌ಫರ್ಟರ್ ಅವರನ್ನು ಕಂಡರು. ಲಾಕ್ನರ್ ಕಾಲದ ಪೆಟ್ಟು ತಿಂದಿದ್ದ ಫ್ರ್ಯಾಂಕ್‌ಫರ್ಟರ್, 'ಡ್ಯೂ ಪ್ರೋಸೆಸ್' ಅನ್ನೋ ಮಾತನ್ನು ನೆಚ್ಚಬೇಡಿ ಅನ್ನೋ ಧಾಟಿಯಲ್ಲೇ ಸಲಹೆ ಕೊಟ್ಟರು. ಮುಂದೆ ನಮ್ಮ 21ನೇ ಅನುಚ್ಛೇದದ ಕರಡಿನಿಂದ ಆ ಪದ ಹೋಗಿ, 'ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ' ಅನ್ನೋದು ಬಂತು. ಯೂಟಿಕಾದ ಬೇಕರಿ ನಮ್ಮ ಸಂವಿಧಾನದ ಒಂದು ಸಾಲನ್ನು ತಿದ್ದಿದೆ ಅಂದರೆ ಉತ್ಪ್ರೇಕ್ಷೆಯಲ್ಲ. ಅದಕ್ಕೂ ಬೆಲೆ ತೆತ್ತೆವು. 1950ರ ಗೋಪಾಲನ್ ಕೇಸಿನಲ್ಲಿ ನಮ್ಮ ಕೋರ್ಟು ಕಾನೂನು ಇದೆಯಲ್ಲ, ಸಾಕು ಅಂದಿತು. ಆ ಕಾನೂನು ನ್ಯಾಯವಾಗಿದೆಯಾ ಅಂತ ಕೇಳೋಕೆ 1978ರ ಮೇನಕಾ ಗಾಂಧಿ ತೀರ್ಪು ಬರಬೇಕಾಯಿತು.

ಕೋರ್ಟು ಅಡ್ಡ ಬಂದಿದ್ದು ಲಾಕ್ನರ್‌ನಲ್ಲಿ ತಪ್ಪಾಯಿತು, ಅಡ್ಡ ಬರದಿದ್ದುದು ಬಕ್‌ನಲ್ಲಿ ತಪ್ಪಾಯಿತು. ಹಾಗಾದರೆ ಪ್ರಶ್ನೆ ಅಡ್ಡ ಬರಬೇಕಾ ಬೇಡವಾ ಅನ್ನೋದಷ್ಟೇ ಅಲ್ಲ. ಮೇಜಿನ ಮೇಲಿರೋ ಕಾಗದದಲ್ಲಿ ಯಾರಿದ್ದಾರೆ, ಯಾರಿಲ್ಲ, ಆ ಕಾಗದ ಬರೆದವರು ಯಾರು ಅನ್ನೋದೂ ಹೌದು. ಫರೀದಾಬಾದ್ ಕಲ್ಲು ಕ್ವಾರಿಗಳ ಜೀತದಾಳುಗಳ ಬಗ್ಗೆ ಬಂದ ಒಂದು ಪತ್ರವನ್ನೇ ಅರ್ಜಿ ಮಾಡಿಕೊಂಡು, ವಕೀಲರನ್ನು ಕ್ವಾರಿಗೇ ಕಳಿಸಿ ವರದಿ ತರಿಸಿಕೊಂಡ ನಮ್ಮ ಸುಪ್ರೀಂ ಕೋರ್ಟು, 1983ರ ಆ ತೀರ್ಪಿನಲ್ಲಾದರೂ ಈ ಪ್ರಶ್ನೆಯನ್ನು ಸರಿಯಾಗಿ ಕೇಳಿತ್ತು.

ಇದನ್ನು ಬರೆಯೋ ಮುಂಚೆ ಭಾನುವಾರ ಅಣ್ಣಯ್ಯನಿಗೆ ಫೋನ್ ಮಾಡಿ ಬೇಕರಿ ಕೇಸಿನ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ನಡುವೆ ಎರಡು ಸಲ ಕೆಮ್ಮಿದ. ಆಮೇಲೆ ಕೇಳಿದ: "ಕೇಸ್‌ಗೆ ಮಾಲೀಕನ ಹೆಸರು ಇಟ್ಟವ್ರೆ. ಕೆಲ್ಸ ಮಾಡ್ದೋನ ಹೆಸರೇನ್ಲಾ?"

ಇಷ್ಟು ದಿನ ಓದಿದವನು ನಾನು, ಅದನ್ನು ಬರೆದುಕೊಂಡಿರಲಿಲ್ಲ. ಮತ್ತೆ ಹುಡುಕಿ ನೋಡಿದೆ. ದೋಷಾರೋಪ ಪತ್ರದಲ್ಲಿ ಒಂದು ಕಡೆ ಇದೆ. ಅಮನ್ ಸ್ಮಿಟರ್.

"ಅದ್ನೂ ಬರಿ" ಅಂದ ಅಣ್ಣಯ್ಯ. ಬರೆದಿದ್ದೀನಿ.